ಎಡಗೈ ಹುಡುಗನ ಬೆನ್ನು ಹತ್ತಿ ಐದು ಬೇಸಿಗೆ

ಕೆಲವರ ಮನೆಯಲ್ಲಿ ಹಾಲು ಉಕ್ಕುತ್ತದೆ, ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತದೆ. ನನ್ನ ಪಾಲಿಗೆ ಬೇಸ್‌ಬಾಲ್ ಇದೆ. ಏಪ್ರಿಲ್ ಬಂತೆಂದರೆ ಸೆಪ್ಟೆಂಬರ್ ಮುಗಿಯುವವರೆಗೆ ವಾರಕ್ಕೊಂದಾದರೂ ನಗೆಪಾಟಲು ನಡೆಯದೆ ಇರುವುದಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ನಾನೇ ಕಾರಣ ಎಂದು ಮನೆಯವರ ಆರೋಪ. ನಾನು ಒಪ್ಪುವುದಿಲ್ಲ, ಅರ್ಧಕ್ಕೆ ಮಾತ್ರ ನಾನು ಕಾರಣ.

ನಾನು ಮೈಸೂರಿನವಳು. ಮಿಶಿಗನ್‌ನ ವಿಕ್ಸಮ್‌ನಲ್ಲಿ ಕಾರಿನ ಬ್ರೇಕಿಗೆ ಬಿಡಿಭಾಗ ಮಾಡುವ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಇದು ಪಾಸು, ಇದು ಫೇಲು ಎನ್ನುವುದೇ ದಿನವಿಡೀ ನನ್ನ ಕೆಲಸ. ಐದು ವರ್ಷದ ಹಿಂದೆ ಫ್ಯಾಕ್ಟರಿಯವರು ನಮ್ಮನ್ನೆಲ್ಲ ಬಸ್ಸಿನಲ್ಲಿ ಕೂರಿಸಿ ಎರಡು ಗಂಟೆ ದೂರದ ಊರಿಗೆ ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋದರು. ಆಡುತ್ತಿದ್ದದ್ದು ಡೆಟ್ರಾಯಿಟ್‌ನ ದೊಡ್ಡ ತಂಡವಲ್ಲ, ಅದರ ಮರಿ ತಂಡ. ಇಂಥ ಮರಿ ತಂಡಗಳು ಊರಿಗೊಂದಿವೆ. ಹದಿನೆಂಟು ಇಪ್ಪತ್ತರ ಹುಡುಗರು ಕೆಳಗಿನ ತಂಡ ಸೇರಿ, ತರಗತಿ ಪಾಸು ಮಾಡಿದ ಹಾಗೆ ಒಂದೊಂದೇ ತಂಡ ದಾಟಿಕೊಂಡು ಮೇಲೆ ಬರಬೇಕು. ಬಹುಪಾಲು ಹುಡುಗರು ಮೇಲೆ ಬರುವುದೇ ಇಲ್ಲ.

ಅವತ್ತು ಚೆಂಡು ಎಸೆಯಲು ಬಂದವನು ಇಪ್ಪತ್ತರ ಎಡಗೈ ಹುಡುಗ. ಈ ಆಟದಲ್ಲಿ ಪಿಚರ್ ನಾಲ್ಕು ಸಲ ಗುರಿ ತಪ್ಪಿದರೆ ಬ್ಯಾಟ್ ಹಿಡಿದವನು ಓಡುವ ಶ್ರಮವೂ ಇಲ್ಲದೆ ಆರಾಮಾಗಿ ಮೊದಲ ಬೇಸ್‌ವರೆಗೆ ನಡೆದು ಹೋಗುತ್ತಾನೆ. ನಮ್ಮ ಹುಡುಗ ಮೂರು ಜನರನ್ನು ಹಾಗೆ ನಡೆಸಿದ. ಕೋಚ್ ಬಂದು ಕೈಯಿಂದ ಚೆಂಡು ಇಸಿದುಕೊಂಡ. ತಲೆ ತಗ್ಗಿಸಿ ಹೊರಗೆ ಹೋಗುತ್ತಿದ್ದ ಆ ಉದ್ದನೆಯ ಹುಡುಗನನ್ನು ನೋಡಿ ನನಗೆ ಪಿಯುಸಿ ಫೇಲಾಗಿ ಮನೆಗೆ ಬಂದ ನನ್ನ ತಮ್ಮನ ಮುಖ ನೆನಪಾಯಿತು. ಇವನು ಒಂದಲ್ಲ ಒಂದು ದಿನ ದೊಡ್ಡ ತಂಡದಲ್ಲಿ ಆಡಬೇಕು, ನಾನು ಕೂತು ನೋಡಬೇಕು ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಆ ಹುಡುಗನನ್ನು ಯಾರೂ ಕೇಳಲಿಲ್ಲ.

೧. ಹುಡುಗರ ಪಟ್ಟಿ

ಫ್ಯಾಕ್ಟರಿಯಲ್ಲಿ ಪರೀಕ್ಷಿಸಿದ್ದನ್ನೆಲ್ಲ ಬರೆದಿಡುವ ಚಾಳಿ ನನಗೆ ಇಲ್ಲೂ ಬಿಡಲಿಲ್ಲ. ಒಂದು ನೋಟ್‌ಬುಕ್ ಮಾಡಿದೆ. ಆ ತಂಡದ ಹುಡುಗರಿಗೆ ತಲಾ ಒಂದು ಪುಟ. ವಯಸ್ಸು, ಎತ್ತರ, ತೂಕ, ಹುಟ್ಟೂರು, ಅಪ್ಪ ಅಮ್ಮ ಏನು ಮಾಡುತ್ತಾರೆ, ಗುಣ, ದೋಷ. ಪಕ್ಕದಲ್ಲಿ ಕೂತವರು ಇಣುಕಿ ಓದಬಾರದೆಂದು ಎಲ್ಲ ಕನ್ನಡದಲ್ಲೇ ಬರೆಯುತ್ತಿದ್ದೆ.

ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆಂದು ನಾಲ್ಕಾರು ಮನೆಯವರನ್ನು ಕರೆದಿದ್ದೆ. ಅವರಲ್ಲೊಬ್ಬರು ತಂಗಿಯ ಮಗಳಿಗೆ ಮೂರು ವರ್ಷದಿಂದ ಗಂಡು ಹುಡುಕುತ್ತಿದ್ದ ಆಂಟಿ. ನಾನು ಕಾಫಿ ತರುವಷ್ಟರಲ್ಲಿ ಅವರು ಸೋಫಾದ ಮೇಲಿದ್ದ ನೋಟ್‌ಬುಕ್ ತೆಗೆದು, ಕನ್ನಡಕ ಏರಿಸಿ, ಹದಿನೈದನೇ ಪುಟಕ್ಕೆ ಬಂದಿದ್ದರು.

"ಇಷ್ಟೊಂದು ಹುಡುಗರ ಡೀಟೇಲ್ಸ್ ಇಟ್ಕೊಂಡು ಒಂದು ಮಾತೂ ಹೇಳಿಲ್ವಲ್ಲೇ ನೀನು" ಎಂದರು.

ಬೇಸ್‌ಬಾಲ್‌ನಲ್ಲಿ ಆಸಕ್ತಿ ಇರುವ ಆಂಟಿ ಸಿಕ್ಕರಲ್ಲ ಎಂದು ನನಗೆ ಸ್ವರ್ಗಕ್ಕೆ ಮೂರೇ ಗೇಣು. ಪಕ್ಕದಲ್ಲೇ ಕೂತೆ. "ಯಾರು ಇಷ್ಟ ಆದ್ರು ಆಂಟಿ?"

"ಈ ಆರಡಿ ಮೂರಿಂಚು."

"ನಂಗೂ ಅವನೇ. ಆದ್ರೆ ಒತ್ತಡ ಬಂದ್ರೆ ತಡ್ಕೊಳ್ಳಲ್ಲ ಆಂಟಿ. ತಲೆ ತಗ್ಗಿಸ್ಕೊಂಡು ಆಚೆ ಹೋಗ್ಬಿಡ್ತಾನೆ."

"ಗಂಡಸರೆಲ್ಲ ಅಷ್ಟೇ ಕಣೆ."

"ವರ್ಷದಿಂದ ವರ್ಷಕ್ಕೆ ಸುಧಾರಿಸ್ತಿದಾನೆ. ಇನ್ನು ಸ್ವಲ್ಪ ವರ್ಷಕ್ಕೆ ಡೆಟ್ರಾಯಿಟ್‌ಗೇ ಬರ್ತಾನೆ."

"ಹತ್ರಾನೇ ಆಯ್ತು. ಮೊಣಕೈ ಆಪರೇಷನ್ ಆಗಿದೆ ಅಂತ ಬರ್ದಿದೆಯಲ್ಲ, ಇದನ್ನೆಲ್ಲ ಮುಚ್ಚಿಡದೆ ಹೇಳಿದಾರೆ ಅಂದ್ರೆ ಒಳ್ಳೆ ಮನೆತನ. ಫೋಟೋ ಇದ್ಯಾ?"

ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಕೆಂಚು ಕೂದಲು, ಟೋಪಿ, ಒಂದು ಕೆನ್ನೆಯ ತುಂಬ ಸೂರ್ಯಕಾಂತಿ ಬೀಜ. ಆಟಗಾರರೆಲ್ಲ ಅದನ್ನು ಅಗಿದು ಸಿಪ್ಪೆ ಉಗುಳುತ್ತಿರುತ್ತಾರೆ, ಫೋಟೋದಲ್ಲಿ ಸರಿಯಾಗಿ ಅದೇ ಗಳಿಗೆ ಸಿಕ್ಕಿತ್ತು. ಆಂಟಿ ಬಹಳ ಹೊತ್ತು ನೋಡಿದರು. ನನಗೆ ಆಗ ಹೊಳೆಯಿತು ಅವರು ಏನು ಓದುತ್ತಿದ್ದಾರೆಂದು. ಬಾಯಿ ಬಿಡುವಷ್ಟರಲ್ಲಿ ಅವರು ನಿಟ್ಟುಸಿರು ಬಿಟ್ಟು ಫೋನ್ ವಾಪಸ್ ಕೊಟ್ಟರು.

"ನಮ್ಮೋನಲ್ಲ ಅನ್ನೋದನ್ನ ನನ್ ತಂಗಿಗೆ ಹೆಂಗೋ ಹೇಳ್ಬಹುದು. ಉಗುಳೋ ಚಟಾನೂ ಬಿಡಿಸ್ಬಹುದು ಬಿಡು, ನಮ್ಮೆಜಮಾನ್ರದ್ದು ಬಿಡಿಸ್ಲಿಲ್ವಾ?"

೨. ಸೀದ ಚಕ್ಕುಲಿ

ಮರಿ ತಂಡದ ಹುಡುಗರು ಬಸ್ಸಿನಲ್ಲಿ ಊರೂರು ಸುತ್ತಿ ಬ್ರೆಡ್ಡಿಗೆ ಪೀನಟ್ ಬಟರ್ ಸವರಿಕೊಂಡು ಬದುಕುತ್ತಾರೆಂದು ಎಲ್ಲೋ ಓದಿದ್ದೆ. ಆಟಕ್ಕೆ ಮುಂಚೆ ಅವರು ಬೇಲಿಯ ಹತ್ತಿರ ಬಂದು ಮಕ್ಕಳಿಗೆ ಸಹಿ ಹಾಕಿ ಕೊಡುತ್ತಾರೆ. ನಾನೂ ಮಕ್ಕಳ ಸಾಲಿನಲ್ಲಿ ನಿಂತು, ಸರದಿ ಬಂದಾಗ ಎಡಗೈಯವನಿಗೆ ಒಂದು ಪೊಟ್ಟಣ ಚಕ್ಕುಲಿ ಕೊಟ್ಟೆ. ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತ ಕರಿದದ್ದರಿಂದ ಅವತ್ತಿನವು ಸ್ವಲ್ಪ ಸೀದಿದ್ದವು. ಅವತ್ತು ಅವನು ಎದುರಾಳಿಗಳಿಗೆ ಒಂದು ರನ್ನೂ ಕೊಡಲಿಲ್ಲ.

ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ಎರಡು ನಿಮಿಷ ನಿಂತು ಹೋಗುತ್ತೇವೆ, ಅಷ್ಟೇ. ಬೇಸ್‌ಬಾಲ್‌ನವರು ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಸೋಲುವವರೆಗೂ ಒಗೆಯುವುದಿಲ್ಲ. ಪಿಚರ್‌ನ ಸರದಿ ಬರುವುದು ಆರು ದಿನಕ್ಕೊಮ್ಮೆ. ಮುಂದಿನ ಸರದಿಯ ದಿನ ಅವನು ನನ್ನನ್ನು ಹುಡುಕಿಕೊಂಡು ಬೇಲಿಗೆ ಓಡಿ ಬಂದ.

"ಮ್ಯಾಮ್, ಆ ಚಕ್ರಗಳು ಇದ್ದಾವಾ?"

ಇದ್ದವು. ಈ ಸಲ ಗಮನವಿಟ್ಟು ಹದವಾಗಿ, ಹೊಂಬಣ್ಣಕ್ಕೆ ಕರಿದಿದ್ದೆ. ಅವತ್ತು ಎದುರಾಳಿಗಳು ಅವನನ್ನು ಚಚ್ಚಿ ಹಾಕಿದರು. ಆಟ ಮುಗಿದ ಮೇಲೆ ಅವನು ಬಂದು, ಬಹಳ ಸಂಕೋಚದಿಂದ, ಮೊದಲ ಸಲದ ಕಪ್ಪು ಚಕ್ರಗಳೇ ಬೇಕಿತ್ತು ಎಂದ.

ಆ ಬೇಸಿಗೆ ಪೂರ್ತಿ ಆರು ದಿನಕ್ಕೊಮ್ಮೆ ಒಲೆಯ ಮುಂದೆ ನಿಂತು, ಬೇಕೆಂದೇ ಚಕ್ಕುಲಿ ಸೀಯಿಸಿದೆ. ಜೀವಮಾನವೆಲ್ಲ ಫೇಲಾದದ್ದನ್ನು ಆರಿಸಿ ಎಸೆದವಳು ಈಗ ಫೇಲಾದದ್ದನ್ನೇ ಆರಿಸಿ ಡಬ್ಬಿಗೆ ತುಂಬುತ್ತಿದ್ದೆ. ಮನೆಯಲ್ಲಿ ಹೊಗೆಯ ಅಲಾರಂ ಕೂಗುತ್ತಿತ್ತು. ಆದರೆ ಹುಡುಗ ಗೆಲ್ಲುತ್ತಿದ್ದ, ಬೇಸಿಗೆ ಮುಗಿಯುವುದರೊಳಗೆ ಮೇಲಿನ ತಂಡಕ್ಕೆ ಬಡ್ತಿಯೂ ಸಿಕ್ಕಿತು. ಆ ಸುದ್ದಿಯನ್ನು ನಾನು ಕುಣಿಯುತ್ತಾ ಹೇಳಿದಾಗ ನಮ್ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಇಪ್ಪತ್ತು ವರ್ಷದಿಂದ ನೀನು ಸೀಯಿಸಿದ್ದನ್ನ ನಾನು ತಿಂತಾ ಇದೀನಿ. ನನ್ನನ್ನ ಯಾವ ತಂಡದವರೂ ಕರೀಲಿಲ್ಲ."

೩. ಐದು ಗಂಟೆಯ ದಾರಿ

ನಮ್ಮ ಬಡಾವಣೆಯಲ್ಲಿ ಎದುರು ಮನೆಯವರು ವಿಜಯಪುರದ ಕಡೆಯವರು, ಕಾರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ನಾನು ಭಾಯ್ ಎನ್ನುತ್ತೇನೆ, ಅವರು ನನಗೆ ಅಕ್ಕಾರ ಎನ್ನುತ್ತಾರೆ. ಒಂದು ಸಲ ನನ್ನ ಕಾರು ಕೆಟ್ಟಾಗ ಆಟಕ್ಕೆ ಬಿಟ್ಟು ಬರಲು ಬಂದವರು, ಪಿಚರ್ ನೆಬ್ರಾಸ್ಕಾದ ಜೋಳದ ಹೊಲಗಳ ನಡುವಿನ ಊರಿನವನು ಎಂದು ತಿಳಿದ ಕೂಡಲೇ ಕೂತುಬಿಟ್ಟರು. "ಜ್ವಾಳದ ಸೀಮಿಯಂವ ಅಂದ್ರ ನಮ್ಮ ಪೈಕಿನ ಆತಲ್ರಿ" ಎಂದರು. ಅವತ್ತಿನಿಂದ ಜೊತೆ.

ಹೊಸ ತಂಡದ ಊರು ಪೂರ್ವಕ್ಕೆ, ದೊಡ್ಡ ಸರೋವರದ ದಂಡೆಯ ಉದ್ದಕ್ಕೂ ಐದು ಗಂಟೆ ಡ್ರೈವ್. ಒಂದು ಶನಿವಾರ ಬೆಳಿಗ್ಗೆ ಭಾಯ್ ಕಾರಿನಲ್ಲಿ ಹೊರಟೆವು. ಓಹಾಯೋ ದಾಟುವಾಗ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಭಾಯ್ ಹುಲ್ಲಿನ ಮೇಲೆ ಚಾಪೆ ಹಾಸಿ ನಮಾಜು ಮಾಡಿದರು, ನಾನು ಬೆಂಚಿನ ಮೇಲೆ ಮೊಸರನ್ನ ತಿಂದೆ. ದಾರಿಯುದ್ದಕ್ಕೂ ನಾನು ಅವನ ಎಸೆತದ ಬಗ್ಗೆ, ಭಾಯ್ ನಮ್ಮ ಮುಂದೆ ಹೋಗುತ್ತಿದ್ದ ಕಾರುಗಳ ಸೈಲೆನ್ಸರ್ ಬಗ್ಗೆ ಮಾತಾಡಿದೆವು.

ಹೋಗಿ ನೋಡಿದರೆ ಅವತ್ತಿನ ಆಟಗಾರರ ಪಟ್ಟಿಯಲ್ಲಿ ಎಡಗೈಯವನ ಹೆಸರೇ ಇಲ್ಲ. ಸೀಟು ತೋರಿಸುವ ವಯಸ್ಸಾದ ಹೆಂಗಸನ್ನು ಕೇಳಿದೆ.

"ಅಯ್ಯೋ, ಅವನಿಗೆ ಇವತ್ತು ಬೆಳಿಗ್ಗೆ ತಾನೇ ಪ್ರಮೋಷನ್ ಆಯ್ತು. ಮೇಲಿನ ತಂಡಕ್ಕೆ ಹೊರಟು ಹೋದ. ನೀವು ಅವನ ಮನೆಯವರಾ?"

"ಹೌದು" ಎಂದರು ಭಾಯ್, ಒಂದು ಕ್ಷಣವೂ ಯೋಚಿಸದೆ.

ಆ ಮೇಲಿನ ತಂಡ ಇರುವುದು ನಮ್ಮ ಮನೆಯಿಂದ ಒಂದು ಗಂಟೆ ದೂರದ ಊರಿನಲ್ಲಿ. ಅದಾದರೆ ದೊಡ್ಡ ತಂಡಕ್ಕೆ ಉಳಿಯುವುದು ಒಂದೇ ಮೆಟ್ಟಿಲು. ನನಗೆ ಸಂತೋಷಕ್ಕೆ ಅಳು ಬಂತು. ಭಾಯ್ ಮಾತ್ರ ಕಾರಿಗೆ ಒರಗಿ ನಿಂತು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಿದ್ದರು.

"ನಾ ನಮಾಜಿಗೆ ನಿಂತಿದ್ದೆ, ನೀವು ಮೊಸರನ್ನ ತಿನ್ನಾಕತ್ತಿದ್ರಿ. ಆವಾಗ ಎದುರಿನ ರಸ್ತೇದಾಗ ಅಂವ ನಮ್ಮ ಊರ ಕಡೆ ಹೊಂಟಿದ್ದ ನೋಡ್ರಿ."

"ಇರ್ಬಹುದು ಭಾಯ್. ಈಗೇನ್ಮಾಡೋದು?"

"ಇನ್ನ ಮ್ಯಾಲ ಅವನ ಹಿಂದ ಹೋಗೂದು ಬ್ಯಾಡ್ರಿ. ಮನ್ಯಾಗ ಸುಮ್ನ ಕುಂದ್ರೂಣು. ಇದ ಸ್ಪೀಡ್‌ನ್ಯಾಗ ಬಂದ್ರ ಮುಂದಿನ ತಿಂಗಳ ನಮ್ಮ ಮನಿ ಮುಂದಿನ ಡ್ರೈವ್‌ವೇಕ್ಕ ಬರ್ತಾನ."

೪. ಏಳನೇ ಇನ್ನಿಂಗ್ಸ್

ಡ್ರೈವ್‌ವೇಗೆ ಬರಲಿಲ್ಲ. ಆ ಕೊನೆಯ ಮೆಟ್ಟಿಲಿನಲ್ಲೇ ಎರಡು ವರ್ಷ ಕೂತ. ಅವನಿಗೆ ಇಪ್ಪತ್ತೈದಾಯಿತು. ಬೇಸ್‌ಬಾಲ್‌ನಲ್ಲಿ ಇಪ್ಪತ್ತೈದಾದರೂ ಮೇಲೆ ಹೋಗದ ಹುಡುಗನನ್ನು ಜನ ನೋಡುವ ರೀತಿ ನಮ್ಮಲ್ಲಿ ಮೂವತ್ತೈದಾದರೂ ಮದುವೆಯಾಗದವನನ್ನು ನೋಡುವ ಹಾಗೆಯೇ. ಈ ವರ್ಷ ಮೇ ತಿಂಗಳಲ್ಲಿ ಸಾಲಾಗಿ ಮೂರು ಆಟ ಕೆಟ್ಟವು. ಬೇಲಿಯ ಹತ್ತಿರ ಸಿಕ್ಕಾಗ ಅವನೇ ಹೇಳಿದ, "ಇದೇ ಕೊನೇ ವರ್ಷ, ಮ್ಯಾಮ್. ಈ ಸಲ ಮೇಲೆ ಕರೀದಿದ್ರೆ ತಂಡದಿಂದ ಕೈಬಿಡ್ತಾರೆ. ಅಪ್ಪನ ಟ್ರ್ಯಾಕ್ಟರ್ ಅಂಗಡಿ ಇದ್ದೇ ಇದೆಯಲ್ಲ." ನಗುತ್ತಲೇ ಹೇಳಿದ. ನನಗೆ ಅವತ್ತು ಊಟ ಸೇರಲಿಲ್ಲ.

ಶಿಕಾಗೋ ಪಕ್ಕದ ಅರೋರಾದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಅತ್ತೆ. ಅವಳು, "ಅಳ್ತಾ ಕೂತ್ರೆ ಆಗುತ್ತಾ? ಇಲ್ಲಿಗೆ ಬಾ, ದೇವಸ್ಥಾನದಲ್ಲಿ ಅರ್ಚನೆ ಮಾಡಿಸೋಣ. ನಕ್ಷತ್ರ ತಿಳ್ಕೊಂಡು ಬಾ" ಎಂದಳು.

ನಕ್ಷತ್ರ ಬೇಕೆಂದರೆ ಹುಟ್ಟಿದ ಹೊತ್ತು ಬೇಕು. ಮಗಳು ಗಾಬರಿಯಾದಳು. "ಅಮ್ಮಾ, ಯು ಕಾಂಟ್ ಆಸ್ಕ್ ಎ ಪಿಚರ್ ಹಿಸ್ ಬರ್ತ್ ಟೈಮ್. ದಟ್ಸ್ ಲೈಕ್ ಐಡೆಂಟಿಟಿ ಥೆಫ್ಟ್."

ನಾನು ಕೇಳಿದೆ. ಅವನು ಪಾಪ, ಯಾಕೆಂದೂ ಕೇಳದೆ ಅಲ್ಲೇ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ.

"ಅವನು ಹುಟ್ಟಿದ ಹೊತ್ತಾ? ಚೆನ್ನಾಗಿ ನೆನಪಿದೆ" ಎಂದರು ಆ ತಾಯಿ. "ಏಳನೇ ಇನ್ನಿಂಗ್ಸ್. ಇವರಪ್ಪ ಹೆರಿಗೆ ಕೋಣೆಯ ಟಿವಿಯಲ್ಲಿ ಆಟ ನೋಡ್ತಾ ಇದ್ರು."

"ಗಡಿಯಾರದಲ್ಲಿ ಎಷ್ಟಾಗಿತ್ತು?"

"ಗಡಿಯಾರ ಯಾರು ನೋಡಿದ್ರು? ಆದ್ರೆ ಇಬ್ಬರು ಔಟಾಗಿದ್ರು."

ಬೇಸ್‌ಬಾಲ್‌ನ ಒಂದು ಆಟಕ್ಕೆ ಒಂಬತ್ತು ಚಿಕ್ಕ ಇನ್ನಿಂಗ್ಸ್. ಆಟ ಎಷ್ಟು ಗಂಟೆಗೆ ಶುರುವಾಯಿತು, ಮಳೆಗೆ ನಿಂತಿತ್ತೇ, ನೆಬ್ರಾಸ್ಕಾ ಸಮಯಕ್ಕೂ ಇಲ್ಲಿಗೂ ಎಷ್ಟು ವ್ಯತ್ಯಾಸ ಎಂದೆಲ್ಲ ಕೇಳಿ, ಕೂಡಿ ಕಳೆದು, ಕೊನೆಗೆ ಕೃತ್ತಿಕಾ ನಕ್ಷತ್ರಕ್ಕೆ ಬಂದು ಮುಟ್ಟಿದೆ. ಎಂಟನೇ ಇನ್ನಿಂಗ್ಸ್‌ನಲ್ಲಿ ಹುಟ್ಟಿದ್ದರೆ ರೋಹಿಣಿ ಆಗುತ್ತಿತ್ತು. ಇದೆಲ್ಲ ಯಾಕೆಂದು ಆ ತಾಯಿ ಆಮೇಲೆ ಕೇಳಿದರು. ನಿಮ್ಮ ಮಗನಿಗಾಗಿ ಪೂಜೆ ಮಾಡಿಸುತ್ತೇನೆ ಎಂದೆ. ಹೇಳಿದ ಮೇಲೆ ಹೆದರಿದೆ, ಬೇಸರ ಮಾಡಿಕೊಳ್ಳುತ್ತಾರೇನೋ ಎಂದು.

"ಅವರಪ್ಪನ ಮೊಣಕಾಲಿಗೂ ಒಂದು ಮಾಡಿಸ್ತೀರಾ?" ಎಂದರು. "ಅವರು ಎರಡನೇ ಇನ್ನಿಂಗ್ಸ್."

೫. ಸಂಕಲ್ಪ

ಅರ್ಚನೆಗೆ ತೆಂಗಿನಕಾಯಿ ಅಕ್ಕನ ಮನೆಯ ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಇಂಥ ದೊಡ್ಡ ಕೆಲಸಕ್ಕೆ ಶಿಕಾಗೋದಲ್ಲಿ ನಮ್ಮವರ ಅಂಗಡಿಗಳೇ ತುಂಬಿರುವ ಡೆವನ್ ಅವೆನ್ಯೂವಿನ ಕಾಯಿಯೇ ಆಗಬೇಕೆಂದು ಅವಳ ಹಟ. ಅಲ್ಲಿಗೆ ಒಂದು ಗಂಟೆ ಡ್ರೈವ್ ಮಾಡಿ, ಪಾರ್ಕಿಂಗ್‌ಗೆ ಮುಕ್ಕಾಲು ಗಂಟೆ ಸುತ್ತಿ, ಎರಡು ಕಾಯಿ ಮತ್ತು ಅವಳಿಗೆ ಮೂರು ಸೀರೆ ತೆಗೆದುಕೊಂಡು ಬಂದೆವು.

ಅರ್ಚಕರು ಸಾವಧಾನದ ಮನುಷ್ಯ. ಹುಡುಗನ ಹೆಸರು ಬರೆದುಕೊಂಡರು, ನಕ್ಷತ್ರ ಬರೆದುಕೊಂಡರು. ಗೋತ್ರ ಯಾವುದೆಂದು ಕೇಳಿದರು. ನಾನು ಅಕ್ಕನ ಮುಖ ನೋಡಿದೆ. "ಗೊತ್ತಿಲ್ದೆ ಇದ್ರೆ ಕಾಶ್ಯಪ ಗೋತ್ರ ಅಂತ ಹೇಳ್ತೀವಮ್ಮ, ಪರವಾಗಿಲ್ಲ" ಎಂದರು. ಹಾಗೆ ನೆಬ್ರಾಸ್ಕಾದ ಹುಡುಗ ಕಾಶ್ಯಪ ಗೋತ್ರದವನಾದ.

"ಏನು ಫಲ ಬೇಕಮ್ಮ?"

"ದೊಡ್ಡ ತಂಡಕ್ಕೆ ಹೋಗ್ಬೇಕು. ಈ ವರ್ಷಾನೇ."

ಪೂಜೆಗೆ ಮುಂಚೆ ಸಂಕಲ್ಪ ಹೇಳುತ್ತಾರಲ್ಲ, ಯಾವ ಖಂಡದಲ್ಲಿ, ಯಾವ ಊರಿನಲ್ಲಿ, ಯಾರ ಹೆಸರಿನಲ್ಲಿ, ಯಾವುದಕ್ಕಾಗಿ ಕೇಳುತ್ತಿದ್ದೇವೆ ಎಂದು ದೇವರಿಗೆ ತಿಳಿಸುವುದು. ಮೈಸೂರಿನಲ್ಲಿ ಭರತಖಂಡ ಎನ್ನುತ್ತಿದ್ದರು. ಇಲ್ಲಿ ಉತ್ತರ ಅಮೆರಿಕಾ ಖಂಡ, ಶಿಕಾಗೋ ಮಹಾನಗರ ಎಂದು ರಾಗವಾಗಿ ಹೇಳಿ, ಆ ಹುಡುಗನ ಹೆಸರಿಗೆ ಎರಡು ಸಲ ತಡವರಿಸಿ, ಮೂರನೇ ಸಲ ಸರಿಯಾಗಿ ಹೇಳಿದರು. ನಾನು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದೆ. ಭಕ್ತಿಯಲ್ಲಿ ಮುಳುಗಿದ್ದವಳಿಗೆ ಏನೂ ತಪ್ಪು ಕಾಣಲಿಲ್ಲ.

ಜುಲೈ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಫ್ಯಾಕ್ಟರಿಯಲ್ಲಿದ್ದಾಗ ಮಗಳ ಮೆಸೇಜ್ ಬಂತು. ಅವನನ್ನು ದೊಡ್ಡ ತಂಡಕ್ಕೆ ಕರೆದಿದ್ದಾರೆ. ನಾನು ಕೂಗಿದ ಕೂಗಿಗೆ ಸೂಪರ್‌ವೈಸರ್ ಓಡಿ ಬಂದು ಯಾರ ಬೆರಳು ಮೆಷಿನ್ನಿಗೆ ಸಿಕ್ಕಿತು ಎಂದು ಕೇಳಿದ. ಹಿಂದೆಯೇ ಇನ್ನೊಂದು ಮೆಸೇಜ್ ಬಂತು, "ಅಮ್ಮಾ, ಸಿಟ್ ಡೌನ್. ಇಟ್ಸ್ ಶಿಕಾಗೋ."

ಇಲ್ಲಿ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಡೆಟ್ರಾಯಿಟ್‌ನವರಿಗೆ ಒಬ್ಬ ಅನುಭವಸ್ಥ ಬ್ಯಾಟುಗಾರ ಬೇಕಾಗಿತ್ತು. ಶಿಕಾಗೋದ ತಂಡವೊಂದರಿಂದ ಅವನನ್ನು ತೆಗೆದುಕೊಂಡು, ನನ್ನ ಹುಡುಗನನ್ನು ಆ ಕಡೆ ಕೊಟ್ಟುಬಿಟ್ಟಿದ್ದರು. ಶಿಕಾಗೋದವರು ಅವನನ್ನು ಬಂದ ದಿನವೇ ದೊಡ್ಡ ತಂಡಕ್ಕೆ ಸೇರಿಸಿಕೊಂಡರು. ಅಕ್ಕನಿಗೆ ಫೋನ್ ಮಾಡಿದೆ.

"ಶಿಕಾಗೋಗೆ ಹೋದ ಅಕ್ಕ."

"ದೊಡ್ಡ ತಂಡ ತಾನೇ?"

"ದೊಡ್ಡದೇ. ಆದ್ರೆ ನಮ್ಮದಲ್ಲ."

"ನಿಮ್ಮದೇ ಬೇಕು ಅಂತ ನೀನು ಹೇಳಿದ್ಯಾ?"

ನಾನು ಯೋಚಿಸಿದೆ. ಹೇಳಿರಲಿಲ್ಲ.

"ಸಂಕಲ್ಪದಲ್ಲಿ ಊರು ಯಾವುದು ಅಂದ್ರು?" ಎಂದಳು. ಅಷ್ಟು ಕೇಳಿ ಅವಳಿಗೆ ನಗು ತಡೆಯಲಾಗದೆ ಫೋನ್ ಭಾವನಿಗೆ ಕೊಟ್ಟಳು. ಭಾವ ಗಂಭೀರವಾಗಿ, "ದೇವರದ್ದೇನು ತಪ್ಪಿದೆಯಮ್ಮ, ಕೊಟ್ಟ ಅಡ್ರೆಸ್‌ಗೆ ಡೆಲಿವರಿ ಮಾಡಿದಾನೆ" ಎಂದರು. ಡೆಟ್ರಾಯಿಟ್‌ಗೆ ಸಂಬಂಧಪಟ್ಟ ವಿಷಯವನ್ನು ಇನ್ನೂರೈವತ್ತು ಮೈಲಿ ಆಚೆ ಹೋಗಿ ಅರ್ಜಿ ಹಾಕಿ ಬಂದವಳು ನಾನೇ. ಆದರೂ ನಿಜ ಹೇಳಬೇಕೆಂದರೆ, ಅವನು ಟ್ರ್ಯಾಕ್ಟರ್ ಅಂಗಡಿಗೆ ಹೋಗುವುದು ತಪ್ಪಿತಲ್ಲ ಎಂದು ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಆಗಸ್ಟ್‌ನ ಒಂದು ಭಾನುವಾರ ಮಧ್ಯಾಹ್ನ ಶಿಕಾಗೋ ತಂಡ ಡೆಟ್ರಾಯಿಟ್‌ಗೆ ಆಡಲು ಬಂತು. ಎಸೆಯುವ ಸರದಿ ಅವನದು. ನಾನು, ನಮ್ಮನೆಯವರು, ಮಗಳು, ಭಾಯ್ ನಾಲ್ವರೂ ಹೋದೆವು. ಅವನು ಮೈದಾನದ ನಡುವಿನ, ಪಿಚರ್ ನಿಂತು ಎಸೆಯುವ ದಿಬ್ಬ ಹತ್ತಿದಾಗ ಸುತ್ತ ಕೂತ ನಮ್ಮೂರಿನವರೆಲ್ಲ ಛೀ ಥೂ ಎಂದು ಕೂಗಿದರು. ಅವನು ಎಸೆದ, ಡೆಟ್ರಾಯಿಟ್‌ನ ಮೊದಲ ಬ್ಯಾಟುಗಾರ ಔಟ್. ನನಗೆ ಗೊತ್ತಿಲ್ಲದೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ, ತಲೆಯ ಮೇಲೆ ಡೆಟ್ರಾಯಿಟ್ ಟೋಪಿ ಇಟ್ಟುಕೊಂಡು. ಮುಂದಿನ ಸಾಲಿನವನೊಬ್ಬ ತಿರುಗಿ, "ಮೇಡಂ, ಔಟಾಗಿದ್ದು ನಮ್ಮವನು" ಎಂದು ನಿಧಾನವಾಗಿ, ಬುದ್ಧಿ ಬೆಳೆಯದವರಿಗೆ ಹೇಳುವ ಹಾಗೆ ಹೇಳಿದ.

"ಗೊತ್ತು, ಸಾರಿ" ಎಂದೆ. ಎರಡನೆಯವನು ಔಟಾದಾಗ ಮತ್ತೆ ತಟ್ಟಿದೆ. ಐದನೇ ಇನ್ನಿಂಗ್ಸ್‌ನ ಹೊತ್ತಿಗೆ ಆತ ತಿರುಗುವುದನ್ನೇ ಬಿಟ್ಟಿದ್ದ. ಮಗಳು ನಮ್ಮಿಂದ ಎರಡು ಸೀಟು ಆಚೆ ಹೋಗಿ ಕೂತಿದ್ದಳು. ನಮ್ಮನೆಯವರು ಮಾತ್ರ, ಐದು ವರ್ಷದಲ್ಲಿ ಮೊದಲ ಬಾರಿಗೆ, ಪ್ರತಿ ಎಸೆತಕ್ಕೂ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ನನ್ನ ಎಡಗೈ ಹುಡುಗ ಗೆದ್ದ, ನಮ್ಮ ಡೆಟ್ರಾಯಿಟ್ ಸೋತಿತು. ಅವನು ಟೋಪಿ ತೆಗೆದು ಕೈ ಬೀಸಿದಾಗ ನಾನು ಜೋರಾಗಿ ಅತ್ತುಬಿಟ್ಟೆ. ಸೋತಿದ್ದಕ್ಕೆ ಅಳುತ್ತಿದ್ದೇನೆಂದುಕೊಂಡು ಮುಂದಿನ ಸಾಲಿನವನು ಕರುಣೆಯಿಂದ ಟಿಶ್ಯೂ ಕೊಟ್ಟ.

ಹೊರಗೆ ಬರುವಾಗ ಎಲ್ಲರ ಮುಖವೂ ಜೋತುಬಿದ್ದಿತ್ತು, ನಾನೊಬ್ಬಳು ಹಲ್ಲು ಬಿಟ್ಟುಕೊಂಡು ನಡೆಯುತ್ತಿದ್ದೆ. ಭಾಯ್ ಬೆಳಿಗ್ಗೆಯಿಂದಲೂ ಸರಿಯಾಗಿ ಮಾತಾಡಿರಲಿಲ್ಲ. ಕಾರಿನ ಹತ್ತಿರ ಬಂದ ಮೇಲೆ ಬಾಗಿಲು ತೆಗೆಯದೆ ನಿಂತರು.

"ಅಕ್ಕಾರ, ನಿಮಗೊಂದು ಮಾತು ಹೇಳಿಲ್ಲ ನಾನು. ನೀವು ಅರೋರಾಕ್ಕ ಹೋದ್ರಲ್ಲ, ಆವಾಗ ಇಲ್ಲಿ ನಾನೂ ದುವಾ ಮಾಡಿದ್ದೆ."

"ಏನಂತ ಭಾಯ್?"

"ಅಂವ ಈ ಡೆಟ್ರಾಯಿಟ್ ಗ್ರೌಂಡಿನಾಗ ನಿಂತು, ಇಷ್ಟೂ ಮಂದಿ ಮುಂದ ಗೆಲ್ಲಬೇಕು ಅಂತ."

ಪಕ್ಕದಲ್ಲಿ ಡೆಟ್ರಾಯಿಟ್ ಅಂಗಿ ತೊಟ್ಟ ಒಂದು ಇಡೀ ಕುಟುಂಬ ತಲೆ ತಗ್ಗಿಸಿಕೊಂಡು ವ್ಯಾನ್ ಹತ್ತುತ್ತಿತ್ತು.

"ನೀವು ಊರು ಶಿಕಾಗೋ ಅಂದ್ರಿ, ನಾ ಗ್ರೌಂಡ್ ಡೆಟ್ರಾಯಿಟ್ ಅಂದೆ" ಎಂದರು ಭಾಯ್. "ಮ್ಯಾಲಿದ್ದಂವ ಇಬ್ಬರ ಮಾತೂ ನಡಸ್ಯಾನ. ಇನ್ನೊಮ್ಮೆ ಏನರೆ ಬೇಡ್ಕೊಳ್ಳೂದಿದ್ರ, ನಾವಿಬ್ರು ಮೊದಲ ಫೋನ್‌ನ್ಯಾಗ ಮಾತಾಡ್ಕೊಳ್ಳೂಣ್ರಿ."